ರೇಡಿಯೋದಲ್ಲಿ ಮಾವನ ಹೆಸರು

ನಮ್ಮ ಮಾವನವರ ಹೆಸರನ್ನು ಆಕಾಶದಿಂದ ಇಳಿಸಿ ಹುಮನಾಬಾದಿನ ಬಜಾರಿನ ನಟ್ಟನಡುವೆ ನಿಲ್ಲಿಸುತ್ತೇನೆ ಎಂದು ನಾನು ಪ್ರತಿಜ್ಞೆ ಮಾಡಿದ್ದು ಎರಡು ಸಾವಿರನೇ ಇಸವಿಯ ದೀಪಾವಳಿ ಪಾಡ್ಯದ ದಿನ. ಅದೂ ಅವರದೇ ಮನೆಯಲ್ಲಿ, ಅವರದೇ ಹೋಳಿಗೆಯನ್ನು ಬಾಯಲ್ಲಿಟ್ಟುಕೊಂಡು! ಹೋಳಿಗೆ ಪೂರ್ತಿ ನುಂಗಿ, ನೀರು ಕುಡಿದು, ಆಮೇಲೆ ಬಾಯಿ ತೆರೆದಿದ್ದರೆ ಮುಂದಿನದೆಲ್ಲ ಆಗುತ್ತಿರಲಿಲ್ಲವೇನೋ.

“ಮಾವ್ರೆ, ಒಂದೇ ಒಂದು ಕಾರ್ಡು! ನಿಮ್ಮ ಹೆಸರು ರೇಡಿಯೋದಾಗ ಬರ್ಲಿಲ್ಲಂದ್ರ ನಾ ಡ್ರಾಯಿಂಗ್ ಮಾಸ್ತರನೇ ಅಲ್ಲ!” ಎಂದೆ.

ಮಾವ ಬಸವಣಪ್ಪನವರದು ಹುಮನಾಬಾದಿನ ಹಳೇ ಬಜಾರಿನಲ್ಲಿ ಕಿರಾಣಿ ಅಂಗಡಿ, ಅದರ ಹಿಂದೆಯೇ ಮನೆ. ನಾಲ್ಕು ಮಂದಿ ಸೇರಿದಲ್ಲಿ ಅವರ ಮಾತಿಗೆ ತೂಕವಿತ್ತು. ಅವರು ರುಮಾಲು ಸರಿಮಾಡಿಕೊಂಡು, ಬಲು ವಿನಯದಿಂದ, “ಇರ್ಲಿ ಬಿಡ್ರಿ ಅಳಿಯಾರೆ. ನಮ್ಮಂಥೋರ ಹೆಸರು ಬಂದ್ರ ರೇಶನ್ ಕಾರ್ಡಿನ್ಯಾಗ ಬರಬೇಕು. ರೇಡಿಯೋದಾಗ ಯಾಕ ಬರ್ತದ್ರಿ?” ಎಂದರು. ಬಾಯಿ ಹಾಗೆನ್ನುತ್ತಿತ್ತು, ಮುಖ ಮಾತ್ರ ಆಗಲೇ ಹೆಸರು ಬಂದವರ ಮುಖವಾಗಿತ್ತು. ನಾನು ಬಸವಕಲ್ಯಾಣದ ಬಸ್ಸು ಹತ್ತುವಷ್ಟರಲ್ಲಿ ಬಜಾರಿನ ಆ ತುದಿಯಿಂದ ಈ ತುದಿಯವರೆಗೆ ಸುದ್ದಿ ಮುಟ್ಟಿತ್ತು.

ಬಸ್ಸಿನಲ್ಲಿ ಹೆಂಡತಿ ವಿದ್ಯಾವತಿ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು: “ಹೇಳೂದೇನೋ ಹೇಳಿ ಬಂದ್ರಿ. ನಮ್ಮಪ್ಪ ಒಮ್ಮೆ ನಂಬಿದ್ರ ಮುಗೀತು, ಊರಿಗೆಲ್ಲ ಹೇಳ್ಕೋತ ಅಡ್ಡಾಡ್ತಾರ. ನೆಪ್ಪಿರ್ಲಿ!”

“ನನ್ನ ಕಾರ್ಡು ಒಂದು ಸಲಾನೂ ಖಾಲಿ ಹೋಗಿಲ್ಲ, ವಿದ್ಯಾ!” ಎಂದು ಎದೆಯುಬ್ಬಿಸಿದೆ. ಅದು ಸುಳ್ಳೂ ಆಗಿರಲಿಲ್ಲ. ಕೋರಿಕೆಯ ಹಾಡಿಗೆ ಕಾರ್ಡು ಬರೆಯುವವರು ನಮ್ಮೂರಲ್ಲಿ ಹತ್ತಾರು ಮಂದಿ ಇದ್ದರು. ಅವರದೆಲ್ಲ ಕಾಗೆ ಕಾಲಿನ ಅಕ್ಷರ. ನನ್ನದು ಹಾಗಲ್ಲ. ಸುತ್ತಲೂ ಬಳ್ಳಿ, ಮೂಲೆಗೊಂದು ಗುಲಾಬಿ, ಅಕ್ಷರಕ್ಕೊಂದು ಬಣ್ಣ! ಕಾರ್ಡಿನ ರಾಶಿಯಲ್ಲಿ ಕೈಯಾಡಿಸಿದವರಿಗೆ ನನ್ನದೇ ಕಣ್ಣಿಗೆ ಬೀಳಬೇಕು, ಹಾಗಿರುತ್ತಿತ್ತು.

ಆಗಿನ ಕಾಲದ ಒಂದು ಮಾತು ಹೇಳಬೇಕು. ನಮ್ಮ ಕಡೆ ರೇಡಿಯೋ ಎಂಬುದು ವಸ್ತುವಿಗಿಂತ ಹೆಚ್ಚಾಗಿ ಬೈಗುಳವಾಗಿತ್ತು. ಓಣಿಯ ಸುದ್ದಿ ಹೊತ್ತು ತಿರುಗುವವರೆಲ್ಲ ‘ರೇಡಿಯೋ’. ನಮ್ಮ ಪಕ್ಕದ ಮನೆಯ ಅಂಬುಬಾಯಿಯಂತೂ ಸಾಕ್ಷಾತ್ ಆಕಾಶವಾಣಿ. ಬೆಳಿಗ್ಗೆ ನಳದ ಹತ್ತಿರ ಪ್ರಸಾರ ಶುರುವಾದರೆ ಮುಗಿಯುವ ವೇಳೆ ಅಂತ ಇರಲಿಲ್ಲ. ಹೇಳಿದ್ದು ತಲೆಗೆ ಹೋಗದವನನ್ನು ಕಂಡರೆ ‘ಇವಂಗ ಸ್ಟೇಷನ್ ಹತ್ತವಲ್ದು’ ಎನ್ನುತ್ತಿದ್ದರು. ಜ್ವರ ಬಂದು ಎದ್ದವನಿಗೆ ‘ಸೆಲ್ ಇಳದಾವ’. ಮಾತು ಬೇಡದ ಕಡೆ ಹೊರಳಿದರೆ ‘ಮುಳ್ಳು ಸರಸಪಾ’. ನಮ್ಮ ಹೆಡ್‌ಮಾಸ್ತರ್ ತುಳಜಾರಾಮರು ಮೀಟಿಂಗಿನಲ್ಲಿ ಎದ್ದು ನಿಂತರೆ ಸಾಕು, ಹಿಂದಿನ ಕುರ್ಚಿಯಿಂದ ಯಾರೋ ಒಬ್ಬರು, ‘ರೈತರ ಕಾರ್ಯಕ್ರಮ ಚಾಲೂ ಆತು’ ಎಂದು ಪಿಸುಗುಟ್ಟುತ್ತಿದ್ದರು.

ಕಲರ್ ಟಿ.ವಿ. ಕೊಂಡವರು ರೇಡಿಯೋವನ್ನು ಅಟ್ಟಕ್ಕೆ ಹಾಕಿ, ಅದನ್ನು ಕೇಳುವವರನ್ನು ಕೆಲಸವಿಲ್ಲದವರೆಂದು ಆಡಿಕೊಳ್ಳುತ್ತಿದ್ದರು. ಕರೆಂಟು ಹೋದ ಗಳಿಗೆಗೆ ಅವರೇ ಏಣಿ ಹಾಕಿ ಅಟ್ಟ ಹತ್ತಿ, ಅದನ್ನು ಇಳಿಸಿ, ಬೆನ್ನಿಗೆರಡು ಬಡಿದು ಮಾತಾಡಿಸುತ್ತಿದ್ದರು. ಯಾಕೆಂದರೆ ಟಿ.ವಿ.ಯಲ್ಲಿ ಬರುವುದೆಲ್ಲ ಪರರ ಮುಖ. ರೇಡಿಯೋದಲ್ಲಿ ಬರುವುದು ನಮ್ಮ ಹೆಸರು! ಒಮ್ಮೆ ಹೆಸರು ಬಂದವನಿಗೆ ಒಂದು ವಾರ ಚಹಾದ ಖರ್ಚಿರಲಿಲ್ಲ. ಇನ್ನು ಹಾಡು? ಹಾಡನ್ನು ಯಾರು ಕೇಳುತ್ತಿದ್ದರು! ಹೆಸರು ಓದುವವರೆಗೆ ಉಸಿರು ಬಿಗಿಹಿಡಿದು ಕೂಡುವುದು, ಹೆಸರು ಬಂದೊಡನೆ ಹೋ ಎಂದು ಕೂಗಿ ಏಳುವುದು, ಇಷ್ಟೇ. ಹಾಡು ಪಾಪ, ತನ್ನಷ್ಟಕ್ಕೆ ತಾನು ಹಾಡಿಕೊಂಡು ಹೋಗುತ್ತಿತ್ತು.

ಇಂಥ ಮಹಾಕಾರ್ಯಕ್ಕೆ ಕಾರ್ಡು ಬರೆಯಲು ಕೂತೆ. ಮೊದಲು ನನ್ನ ಹೆಸರು, ಸತೀಶಕುಮಾರ. ಆಮೇಲೆ ವಿದ್ಯಾವತಿ. ಅತ್ತೆ ಶಕುಂತಲಾಬಾಯಿ, ನಾದಿನಿ ಪೂನಂ. ಹೆಡ್‌ಮಾಸ್ತರರನ್ನು ಬಿಟ್ಟರೆ ಮುಂದಿನ ರಜೆ ಮಂಜೂರಾಗುವುದಿಲ್ಲವೆಂದು ಅವರದೂ ಬರೆದೆ. ನಮ್ಮ ರೇಡಿಯೋ ರಿಪೇರಿ ಮಾಡುವ ಮಹೆಬೂಬನದೂ ಬರೆದೆ. ಅಂಬುಬಾಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳದನ್ನು ಬಿಡುವ ಧೈರ್ಯ ಯಾರಿಗಿದೆ? “ನನ್ನ ಮೊಮ್ಮಗ ಬಬಲೂಂದೂ ಬರೀರಿ ಮಾಸ್ತರ್ರೆ. ನಾಕು ತಿಂಗಳ ಕೂಸು, ಏನ್ ಮಹಾ ಜಾಗ ಹಿಡೀತದ?” ಎಂದಳು. ಬರೆದೆ.

ಮಾವನವರ ಹೆಸರನ್ನು ಬೇಕೆಂತಲೇ ಕೊನೆಗೆ ಇಟ್ಟಿದ್ದೆ. ಲಗ್ನಪತ್ರಿಕೆಯಲ್ಲಿ ನೋಡಿ, ಮನೆಯ ಹಿರಿಯರ ಹೆಸರು ಕೆಳಗೆ, ದಪ್ಪಕ್ಷರದಲ್ಲಿ, ಒಂಟಿಯಾಗಿ ರಾಜಗಾಂಭೀರ್ಯದಿಂದ ಕೂತಿರುತ್ತದೆ. ಅದೇ ಮರ್ಯಾದೆ ಇಲ್ಲಿಯೂ ಸಲ್ಲಲಿ ಎಂದು ಕೆಳಗಿನ ಇಡೀ ಸಾಲನ್ನು ಖಾಲಿ ಬಿಟ್ಟೆ. ಬಿಟ್ಟವನು, ಅದರ ಪಕ್ಕಕ್ಕೆ ಒಂದು ಗಿಣಿ ಇದ್ದರೆ ಎಷ್ಟು ಚೆಂದ ಎಂದುಕೊಂಡು ಗಿಣಿ ಬಿಡಿಸಲು ತೊಡಗಿದೆ!

ಗಿಣಿ ಚೆನ್ನಾಗಿಯೇ ಬಂತು. ಬಾಲ ಮಾತ್ರ ತುಸು ಉದ್ದವಾಯಿತು. ಉದ್ದದ ಬಾಲಕ್ಕೆ ಸರಿಯಾಗಿ ರೆಕ್ಕೆ ಅಗಲವಾಯಿತು. ಅಗಲದ ರೆಕ್ಕೆಗೆ ಹಸಿರು ಬಣ್ಣ ಹಚ್ಚುವಾಗ ಕುಂಚದ ನೀರು ಜಾಸ್ತಿಯಾಗಿ, ಗಿಣಿ ಮಾವನವರ ಜಾಗದಲ್ಲಿ ಹಾಯಾಗಿ ಕಾಲು ಚಾಚಿ ಮಲಗಿತು. ಮೂಲೆಯಲ್ಲಿ ಉಳಿದದ್ದು ಅರ್ಧ ಬೆರಳಿನ ಜಾಗ. ಟಪಾಲು ತೆಗೆಯುವ ಹೊತ್ತಾಗಿತ್ತು. ಆ ಅರ್ಧ ಬೆರಳಲ್ಲಿ ‘ಬಸವಣಪ್ಪನವರು’ ಹಿಡಿಯುವಂತಿರಲಿಲ್ಲ. ‘ಮತ್ತು ಇತರರು’ ಹಿಡಿಯಿತು. ಇತರರು ಎಂದರೆ ಯಾರು? ಎಲ್ಲರೂ! ಎಲ್ಲರೊಳಗೆ ಮಾವನವರೂ ಬಂದೇ ಬರುತ್ತಾರಲ್ಲವೆ? ಹೀಗೆ ನನಗೆ ನಾನೇ ವಕಾಲತ್ತು ಮಾಡಿ, ಗೆದ್ದು, ಕಾರ್ಡನ್ನು ಡಬ್ಬಿಗೆ ಹಾಕಿ ಬಂದೆ. ವಿದ್ಯಾವತಿಗೆ ಹೇಳಲಿಲ್ಲ. ಗಿಣಿಯ ವಿಷಯದಲ್ಲಿ ಆಕೆ ಈ ವಾದ ಒಪ್ಪುವವಳಲ್ಲ.

ಮೂರು ತಿಂಗಳು ಕಳೆಯಿತು. ಫೆಬ್ರುವರಿಯ ಒಂದು ಐತವಾರ ಮಧ್ಯಾಹ್ನ ನಾವಿಬ್ಬರೂ ರೊಟ್ಟಿ ಮುರಿಯುತ್ತ ಕೂತಿದ್ದಾಗ ರೇಡಿಯೋದಾಕೆ ನಮ್ಮೂರ ಹೆಸರೆತ್ತಿದಳು.

“ಬಸವಕಲ್ಯಾಣದಿಂದ ಸತೀಶಕುಮಾರ, ವಿದ್ಯಾವತಿ, ಶಕುಂತಲಾಬಾಯಿ, ಪೂನಂ, ತುಳಜಾರಾಮ, ಮಹೆಬೂಬ, ಅಂಬುಬಾಯಿ, ನಾಲ್ಕು ತಿಂಗಳ ಬಬಲೂ, ಮತ್ತು ಇತರರು. ಕಾರ್ಡಿನಲ್ಲಿ ತುಂಬಾ ಮುದ್ದಾದ ಗಿಣಿ ಬರೆದಿದ್ದಾರೆ. ಧನ್ಯವಾದಗಳು.”

ನಾನು ಜಿಗಿದೆ! “ಕೇಳಿದೇನು? ಗಿಣಿನ್ನೂ ಹೊಗಳಿದ್ರು!”

ವಿದ್ಯಾವತಿ ಜಿಗಿಯಲಿಲ್ಲ. ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟಳು.

“ನಮ್ಮಪ್ಪ ಎಲ್ಲಿ?”

“ಇದ್ದಾರಲ್ಲ. ಇತರರೊಳಗ ಇದ್ದಾರ.”

“ಇತರರೊಳಗ?”

“ಜಾಗ ಇರ್ಲಿಲ್ಲ, ವಿದ್ಯಾ. ಗಿಣಿ ಬಾಲ ಜರಾ…”

“ಬಬಲೂಗ ಜಾಗ ಇತ್ತು. ಗಿಣಿಗಿ ಜಾಗ ಇತ್ತು. ನಿಮಗ ಹೆಣ್ಣು ಕೊಟ್ಟಾಂವಗ ಜಾಗ ಇರ್ಲಿಲ್ಲ?”

ಆಕೆ ಎದ್ದು ಚೀಲಕ್ಕೆ ನಾಲ್ಕು ಸೀರೆ ತುಂಬಿದಳು. “ಯಾವ ರೇಡಿಯೋದಾಗ ಅಪ್ಪನ ಹೆಸರು ತಪ್ಪಿತೋ, ಅದೇ ರೇಡಿಯೋದಾಗ ಬರಬೇಕು. ಬಂದ ದಿವಸ ನಾನೂ ಬರ್ತೀನಿ. ಅಲ್ಲೀತನ ಗಿಣಿ ಕೂಡ ಸಂಸಾರ ಮಾಡ್ರಿ!” ಎಂದು ನಾಲ್ಕರ ಬಸ್ಸಿಗೆ ಹೊರಟೇಹೋದಳು.

ಹುಮನಾಬಾದಿನಲ್ಲಿ ಆ ದಿನ ನಡೆದದ್ದು ನನಗೆ ಎರಡು ದಿನದ ಮೇಲೆ ಅಂಬುಬಾಯಿಯಿಂದ ತಿಳಿಯಿತು. ಆಕೆಯ ತಂಗಿಯನ್ನು ಅದೇ ಬಜಾರಿನಲ್ಲಿ ಕೊಟ್ಟಿದ್ದಾರೆ. ಮಾವನವರು ದೀಪಾವಳಿಯಿಂದ ಒಂದು ಐತವಾರವೂ ತಪ್ಪದೆ ಅಂಗಡಿಯ ಮುಂದೆ ಬೆಂಚು ಹಾಕಿಸಿ ಮಂದಿಯನ್ನು ಕೂಡಿಸುತ್ತಿದ್ದರಂತೆ. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಎರಡು ರೇಡಿಯೋ! ಇಸ್ತ್ರಿ ಮಾಡಿದ ಧೋತರ, ಹೊಸ ರುಮಾಲು. ‘ರೇಡಿಯೋದೋರಿಗೆ ನೀವು ಕಾಣಂಗಿಲ್ರಿ’ ಎಂದು ಅತ್ತೆ ಹೇಳಿದರೂ ಕೇಳಲಿಲ್ಲವಂತೆ. ಹೆಸರುಗಳು ಒಂದೊಂದಾಗಿ ಬಂದಂತೆ ಅವರು ಬೆಂಚಿನಿಂದ ಒಂದೊಂದು ಇಂಚು ಮೇಲೆದ್ದರಂತೆ. ‘ಮತ್ತು’ ಎಂದಾಗ ಪೂರ್ತಿ ಎದ್ದು ನಿಂತು ಕೈಮುಗಿದರಂತೆ. ‘ಇತರರು’ ಎಂದಾಗ ಕೈ ಹಾಗೇ ಉಳಿಯಿತಂತೆ.

ಯಾರೂ ನಗಲಿಲ್ಲ, ಮೊದಲು. ಆಮೇಲೆ ಮೂಲೆಯಲ್ಲಿದ್ದ ಒಬ್ಬರು, “ಇತರರು ಅಂದ್ರ ಇವರೇ ಇರಬೇಕಲ್ರಿ” ಎಂದರಂತೆ. ಅಷ್ಟೇ! ಮರುದಿನದಿಂದ ಬಜಾರಿನಲ್ಲಿ ಮಾವನವರ ಹೆಸರು ಹೋಗಿ ಅದೇ ನಿಂತಿತು. “ಇತರರು ಅಂಗಡಿ ತೆರದಾರೇನು ನೋಡ್ರಿ.” “ಇತರರ ಬಳಿ ಬೆಲ್ಲ ಚಲೋ ಬಂದದ.” ಮೂವತ್ತು ವರ್ಷ ಗಳಿಸಿದ ಹೆಸರು ಅದು. ನನ್ನ ಒಂದು ಗಿಣಿ ಅದನ್ನು ತಿಂದುಹಾಕಿತ್ತು. ಅದನ್ನು ಕೇಳಿದಾಗ ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಮತ್ತೆ ಕಾರ್ಡು ಹಾಕಿದರೆ ಮತ್ತೆ ಮೂರು ತಿಂಗಳು. ಅಲ್ಲಿಯವರೆಗೆ ನಾನು ನನ್ನ ಕೈಯ ರೊಟ್ಟಿ ತಿಂದು ಬದುಕುವ ಭರವಸೆ ಇರಲಿಲ್ಲ. ನಾನು ಬಡಿದ ರೊಟ್ಟಿಯನ್ನು ಅಂಬುಬಾಯಿಯ ಎಮ್ಮೆ ಮೂಸಿ ನೋಡಿ ಮುಖ ತಿರುಗಿಸಿತ್ತು. ಅಷ್ಟರಲ್ಲಿ ರೇಡಿಯೋದವರೇ ನನ್ನ ಕೈಹಿಡಿದರು. ಐತವಾರ ಮಧ್ಯಾಹ್ನ ಫೋನಿನಲ್ಲಿ ಕೋರಿಕೆ ಕೇಳುವ ಹೊಸ ಕಾರ್ಯಕ್ರಮ ಶುರುವಾಯಿತು. ಫೋನು ಹತ್ತಿದರೆ ಸಾಕು, ನಮ್ಮ ಬಾಯಿಂದಲೇ ಹೆಸರು ಹೇಳಬಹುದು! ಅಂಬುಬಾಯಿಯನ್ನು ಕರೆದು, “ಯಾರಿಗೂ ಹೇಳಬ್ಯಾಡ್ರಿ, ಈ ಐತವಾರ ನಮ್ಮ ಮಾವನ ಹೆಸರು ಬರ್ತದ” ಎಂದೆ. ಸಂಜೆಯೊಳಗೆ ಸುದ್ದಿ ಹುಮನಾಬಾದ ಮುಟ್ಟಿತ್ತು.

ಮಹೆಬೂಬನದು ರೇಡಿಯೋ ರಿಪೇರಿ ಅಂಗಡಿ. ಅದರ ಮೂಲೆಯಲ್ಲೇ ಗಾಜಿನ ಎಸ್‌.ಟಿ.ಡಿ. ಬೂತು. ಆತ ಈ ವಿದ್ಯೆಯಲ್ಲಿ ಪಂಡಿತ.

“ಮಾಸ್ತರ್, ನಂಬರ್ ಹಚ್ಚೂದಕ್ಕ ಒಂದು ಹಿಕ್ಮತ್ ಅದ. ಹಾಡು ಚಾಲೂ ಇದ್ದಾಗ ಹಚ್ಚಬಾರ್ದು. ಹಾಡು ಮುಗಿಲಾಕ ಬಂತು ಅನ್ನೂದ್ರಾಗ ಹಚ್ಚಬೇಕು. ಆವಾಗ ಆ ರೇಡಿಯೋದಾಕಿ ಫೋನಿನ ಕಡೆ ಕೈ ಚಾಚಿರ್ತಾಳ.”

“ಇದು ನಿನಗ ಹ್ಯಾಂಗ ಗೊತ್ತು?”

“ಅಂದಾಜ್ ಮಾಸ್ತರ್, ಅಂದಾಜ್!”

ಮೊದಲ ಐತವಾರ ಅಂದಾಜು ಫಲಿಸಲಿಲ್ಲ. ಅರವತ್ತೆರಡು ಸಲ ತಿರುಗಿಸಿದೆ, ಅರವತ್ತೆರಡು ಸಲವೂ ಕುಂಯ್ ಕುಂಯ್. ಎರಡನೆಯ ಐತವಾರ ಹತ್ತಿತು! “ಹಲೋ ಮೇಡಂ, ನಾನು ಬಸವಕಲ್ಯಾಣದಿಂದ…” ಎಂದೆ. ಆ ಕಡೆಯಿಂದ ಒಂದು ಮುದಿ ಧ್ವನಿ, “ಇದು ರೇಡಿಯೋ ಅಲ್ಲೋ ತಮ್ಮಾ, ಮನಿ. ಹೋದ ಐತವಾರನೂ ನಾಕ್ ಮಂದಿ ಹಿಂಗೇ ಹಚ್ಚಿದ್ರು. ಇರ್ಲಿ, ಹಚ್ಚೀದಿ ಅಂದ ಮ್ಯಾಲ ಹೇಳು, ಯಾವ ಹಾಡು ಬೇಕು? ನನಗ ಬೀಸೂ ಕಲ್ಲಿನ ಪದ ಬರ್ತಾವ” ಎಂದಿತು. ಬೇಡವೆನ್ನುವಷ್ಟರಲ್ಲಿ ಹಾಡತೊಡಗಿಬಿಟ್ಟಿತು! ಹಿರಿಯರು ಹಾಡುವಾಗ ಫೋನಿಡುವುದು ಹ್ಯಾಗೆ? ಬೂತಿನ ಕೆಂಪು ಮೀಟರು ಓಡುತ್ತಿತ್ತು, ಅಜ್ಜಿ ಬೀಸುತ್ತಲೇ ಇತ್ತು. ಆ ಐತವಾರ ಹಾಗೆ ಹೋಯಿತು. ಮೂರನೆಯ ಐತವಾರ ಕಬ್ಬು ಹೇರಿದ ಟ್ರ್ಯಾಕ್ಟರೊಂದು ಟೆಲಿಫೋನಿನ ತಂತಿಯನ್ನು ಸೆಳೆದುಕೊಂಡೇ ಹೋಗಿ, ಓಣಿಯ ಫೋನುಗಳೆಲ್ಲ ಮೂಕಾದವು.

ಅತ್ತ ಹುಮನಾಬಾದಿನಲ್ಲಿ ವಾರವಾರಕ್ಕೂ ಜನ ಹೆಚ್ಚುತ್ತಿದ್ದರು. ಮೊದಲು ಬೆಂಚು ಒಂದಿತ್ತು, ಆಮೇಲೆ ಮೂರಾಯಿತು. ಬಂದವರಿಗೆಲ್ಲ ಮಾವನವರದೇ ಚಹಾ. ಹೆಸರು ಬರುತ್ತದೆಂದು ನಂಬಿ ಬಂದವರಿಗಿಂತ ಬರುವುದಿಲ್ಲವೆಂದು ನೋಡಲು ಬಂದವರೇ ಹೆಚ್ಚು ಎಂದು ಅಂಬುಬಾಯಿಯ ವರದಿ.

ತಂತಿ ಕೂಡಿಸಿದ ಮೇಲೆ, ಶನಿವಾರ ಮಹೆಬೂಬನ ಬೂತಿಗೆ ವಿದ್ಯಾವತಿಯ ಫೋನು ಬಂತು.

“ನಾಳೆ ನಾಲ್ಕನೇ ಐತವಾರ.”

“ಗೊತ್ತದ, ವಿದ್ಯಾ. ಊಟ ಆತಾ?”

“ಅಪ್ಪ ಎರಡು ದಿನ ಆತು ಅಂಗಡಿಗಿ ಹೋಗವಲ್ರು. ಮಂದಿ ಮಸ್ಕಿರಿ ಮಾಡ್ತಾರ ಅಂತ ಒಳಗೇ ಕೂತಾರ. ನಾಳೆನೂ ಬರ್ಲಿಲ್ಲಂದ್ರ ನನ್ನ ಟ್ರಂಕು ಇಲ್ಲಿಗೇ ಕಳಸ್ರಿ.”

ಫೋನಿಟ್ಟಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆದರಿಕೆ ಹುಟ್ಟಿಸಿತು. ಮನೆಗೆ ಬಂದು ಆಕೆಯ ಟ್ರಂಕನ್ನು ನೋಡಿದೆ. ಮದುವೆಯಲ್ಲಿ ತಂದದ್ದು, ಹಸಿರು ಬಣ್ಣದ್ದು. ಅದನ್ನು ಬಸ್ಸಿನ ಮೇಲೆ ಹೇರುವುದನ್ನು ನೆನೆಸಿಕೊಂಡು ಕಣ್ಣಿಗೆ ಬೀಳದಂತೆ ಮಂಚದ ಕೆಳಗೆ ತಳ್ಳಿದೆ. ಅಂದು ರೊಟ್ಟಿ ಬಡಿಯಲಿಲ್ಲ. ನಾಳೆ ಫೋನಿನಲ್ಲಿ ಹೇಳಬೇಕಾದ್ದನ್ನು ದಪ್ಪ ಅಕ್ಷರದಲ್ಲಿ ಕಾಗದದ ಮೇಲೆ ಬರೆದೆ. ಸುತ್ತ ಬಳ್ಳಿಯಿಲ್ಲ, ಹೂವಿಲ್ಲ, ಪಕ್ಷಿಯಂತೂ ಇಲ್ಲವೇ ಇಲ್ಲ.

ಐತವಾರ ಹನ್ನೆರಡೂವರೆ. ರಿಪೇರಿಗೆ ಬಂದ ರೇಡಿಯೋಗಳೆಲ್ಲ ಮಹೆಬೂಬನ ಅಂಗಡಿಯಲ್ಲಿ ಅದೇ ಸ್ಟೇಷನ್ ಹಿಡಿದು ಸಾಲಾಗಿ ಹಾಡುತ್ತಿದ್ದವು. ಹಾಡು ಮುಗಿಯಲು ಬಂತು. “ಹಚ್ಚರಿ!” ಎಂದ ಮಹೆಬೂಬ. ಹಚ್ಚಿದೆ. ಟ್ರಿಣ್… ಟ್ರಿಣ್…

“ಹಲೋ, ನಮಸ್ಕಾರ! ಯಾರು ಮಾತಾಡ್ತಿರೋದು?”

“ನಾನು…” ಎಂದೆ. ನನ್ನ ‘ನಾನು’ ಅಂಗಡಿಯ ಅಷ್ಟೂ ರೇಡಿಯೋಗಳಿಂದ ಒಟ್ಟಿಗೆ ಹೊರಬಂದು, ಮತ್ತೆ ನನ್ನ ಫೋನಿನೊಳಗೆ ನುಗ್ಗಿ, ಕೀಂಯ್ಯೆಂದು ಕಿರುಚಿತು!

“ಸರ್, ದಯವಿಟ್ಟು ನಿಮ್ಮ ರೇಡಿಯೋ ಸೌಂಡ್ ಕಡಿಮೆ ಮಾಡಿ.”

“ಒಂದಲ್ರಿ ಮೇಡಂ, ಒಂಬತ್ತು ಅವ!”

ಮಹೆಬೂಬ ಒಂದರಿಂದ ಒಂದಕ್ಕೆ ಹಾರುತ್ತ ಕಿವಿ ಹಿಂಡಿದ. ಎಂಟು ಬಂದಾದವು. ಒಂಬತ್ತನೆಯದಕ್ಕೆ ಸೌಂಡು ತಿರುಗಿಸುವ ಕಿವಿಯೇ ಇರಲಿಲ್ಲ. ಅದರ ರಿಪೇರಿಯೇ ಅದಾಗಿತ್ತು. ಆತ ಅದನ್ನು ಎತ್ತಿಕೊಂಡು ಬೀದಿಗೆ ಓಡಿದ!

“ಈಗ ಸರಿಹೋಯ್ತು. ಹೇಳಿ ಸರ್. ಹೇಗಿದ್ದೀರಿ? ಊಟ ಆಯ್ತಾ? ಮನೆಯವರೆಲ್ಲ ಚೆನ್ನಾಗಿದ್ದಾರಾ?”

“ಮನೆಯವರು ತವರಿಗೆ ಹೋಗ್ಯಾರ್ರಿ.”

“ಓಹೋ! ಎಷ್ಟು ದಿನ ಆಯ್ತು?”

“ಮೂವತ್ತೈದು.”

“ಸರಿ ಸರ್, ಯಾರಿಗಾಗಿ ಹಾಡು ಕೇಳ್ತಿದ್ದೀರಿ?”

ಕಾಗದ ಬಿಡಿಸಿದೆ. ದನಿ ಗಟ್ಟಿ ಮಾಡಿಕೊಂಡು ಓದಿದೆ. “ಹುಮನಾಬಾದಿನ ಹಳೇ ಬಜಾರಿನ ಹಿರಿಯ ವ್ಯಾಪಾರಸ್ಥರು, ಸತ್ಯಕ್ಕೆ ಹೆಸರಾದವರು, ನನ್ನ ಪೂಜ್ಯ ಮಾವನವರು, ಶ್ರೀ ಬಸವಣಪ್ಪನವರಿಗಾಗಿ! ಬಸವಣಪ್ಪನವರು, ಮೇಡಂ! ಇನ್ನೊಮ್ಮೆ ಹೇಳ್ತೀನಿ, ಬಸವಣಪ್ಪನವರು! ಬ್ಯಾರೆ ಯಾರಿಗೂ ಅಲ್ಲ. ಅವರೊಬ್ಬರಿಗೇ!”

“ಆಹಾ! ಮಾವನವರಿಗಾಗಿ ಅಳಿಯನ ಕೋರಿಕೆ. ಎಷ್ಟು ಒಳ್ಳೆಯ ಅಳಿಯ! ಯಾವ ಹಾಡು ಹಾಕೋಣ ಸರ್?”

ಹಾಡು!

ಕಾಗದವನ್ನು ಹಿಂದೆ ಮುಂದೆ ತಿರುಗಿಸಿದೆ. ಎಲ್ಲ ಬರೆದಿದ್ದೆ, ಹಾಡು ಬರೆದಿರಲಿಲ್ಲ. ಒಂದೂ ಹಾಡು, ಒಂದೇ ಒಂದು ಸಾಲು ನೆನಪಿಗೆ ಬರಲಿಲ್ಲ. ಇಷ್ಟು ವರ್ಷ ಕೋರಿಕೆ ಕಳಿಸಿದವನು ಒಂದು ಹಾಡನ್ನೂ ಪೂರ್ತಿ ಕೇಳಿರಲಿಲ್ಲವಲ್ಲ!

“ಯಾವುದರೇ ಹಾಕ್ರಿ ಮೇಡಂ. ನಿಮಗ ಚೆಂದ ಅನಿಸಿದ್ದು.”

“ಮಾವನ ಮೇಲೆಯೇ ಒಂದು ಮಜವಾದ ಹಾಡಿದೆ. ಅದನ್ನೇ ಕೇಳೋಣ. ಧನ್ಯವಾದ ಸರ್!”

ಫೋನಿಟ್ಟು ಬೂತಿನಿಂದ ಜಗತ್ತನ್ನು ಗೆದ್ದವನಂತೆ ಹೊರಬಂದೆ. ಮಹೆಬೂಬ ಕಿವಿಯಿಲ್ಲದ ರೇಡಿಯೋವನ್ನು ಮಗುವಿನಂತೆ ಎತ್ತಿಕೊಂಡು ಬೀದಿಯಲ್ಲೇ ನಿಂತಿದ್ದ. ಅದರೊಳಗಿಂದ ಡೋಲಕ್ಕಿನ ಗದ್ದಲದ ನಡುವೆ ಹಾಡು ಬರುತ್ತಿತ್ತು:

“ಉಗಾದಿಗಂತ ಬಂದ್ಯೋ ಮಾವ, ನಾಗರಪಂಚಮಿ ಮುಗಿದೀತೋ,
ಹೋಗೋ ಮಾವ ಹೋಗೋ, ಕಡೇ ಬಸ್ಸು ಹೊಂಟೀತೋ!”

ಮಹೆಬೂಬ ನನ್ನ ಮುಖ ನೋಡಿದ. ನಾನು ಆತನ ಮುಖ ನೋಡಿದೆ.

“ಮಾಸ್ತರ್, ಇದೇನು ಹಚ್ಚಿಸಿದ್ರಿ?”

ಏನು ಹೇಳಲಿ! ಹೋದ ಶ್ರಾವಣದಲ್ಲಿ ಮಾವನವರು ‘ಎರಡು ದಿವಸ ಇದ್ದು ಹೋಗ್ತೀನಿ’ ಎಂದು ನಮ್ಮ ಮನೆಗೆ ಬಂದವರು ಹದಿನಾಲ್ಕು ದಿನ ಇದ್ದರು. ಹನ್ನೊಂದನೆಯ ದಿನ ನಾನು ಅಡುಗೆಮನೆಯಲ್ಲಿ ‘ಇವರು ಯಾವಾಗ ಹೋಗ್ತಾರೋ’ ಎಂದು ಸಣ್ಣಗೆ ಗೊಣಗಿದ್ದೆ. ಗೊಣಗಿದ್ದು ಪಡಸಾಲೆಗೆ ಕೇಳಿತ್ತು. ವಿದ್ಯಾವತಿ ಆ ವಿಷಯಕ್ಕೆ ನನ್ನನ್ನು ಒಂದು ವಾರ ಮಾತಾಡಿಸಿರಲಿಲ್ಲ. ಈಗ ನಾನು ಅದನ್ನೇ ಡೋಲಕ್ಕು ಬಾರಿಸಿ ನಾಲ್ಕು ಜಿಲ್ಲೆಗೆ ಕೇಳಿಸಿದ್ದೆ! ಅದೂ ಮೂರು ಸಲ ಹೆಸರು ಹೇಳಿ, ‘ಅವರೊಬ್ಬರಿಗೇ’ ಎಂದು ಒತ್ತಿ!

ಹಾಡು ಇನ್ನೂ ನಡೆದೇ ಇತ್ತು. ನಾನು ಬಸ್‌ಸ್ಟ್ಯಾಂಡಿಗೆ ಓಡಿದೆ. ಹೊರಟಿದ್ದ ಜೀಪಿನ ಹಿಂದೆ ಒಂದು ಕಾಲೂರಿ ನಿಂತೆ. ದಾರಿಯುದ್ದಕ್ಕೂ ಕಬ್ಬಿನ ಗಾಡಿಗಳು. ಒಂದನ್ನು ದಾಟಿದರೆ ಇನ್ನೊಂದು. ಏನು ಹೇಳಬೇಕು, ಹೇಗೆ ಕಾಲು ಹಿಡಿಯಬೇಕು, ಮೊದಲು ಎಡಗಾಲೋ ಬಲಗಾಲೋ ಎಂದು ಹುಮನಾಬಾದಿನವರೆಗೂ ಮನಸ್ಸಿನಲ್ಲೇ ತಾಲೀಮು ಮಾಡಿದೆ.

ಬಜಾರಿಗೆ ಬಂದರೆ ಅಂಗಡಿಯ ಮುಂದೆ ಜಾತ್ರೆಯಷ್ಟು ಜನ! ನಡುವೆ ಮಾವನವರು, ಕೊರಳಲ್ಲಿ ಹಾರ, ಕೈಯಲ್ಲಿ ಪೇಡೆಯ ಡಬ್ಬಿ. ನನ್ನನ್ನು ಕಂಡೊಡನೆ ಎರಡೂ ಕೈ ಚಾಚಿದರು.

“ಬರ್ರಿ ಅಳಿಯಾರೆ, ಬರ್ರಿ! ನಿಮ್ಮ ದಾರಿನೇ ನೋಡಾಕತ್ತೇವಿ!”

ಹಿಂದೆ ಬಾಗಿಲಲ್ಲಿ ವಿದ್ಯಾವತಿ. ಆಗಲೇ ಸೀರೆ ಬದಲಿಸಿ, ಚೀಲ ತುಂಬಿಟ್ಟುಕೊಂಡು ನಿಂತಿದ್ದಳು. ನಗುತ್ತಿದ್ದಳು ಕೂಡ. ಮೂವತ್ತೈದು ದಿನಗಳ ಮೇಲೆ ನಾನು ಕಂಡ ನಗು! ಬುದ್ಧಿಯಿದ್ದವನಾಗಿದ್ದರೆ ಒಂದು ಪೇಡೆ ತಿಂದು, ಹೆಂಡತಿಯ ಚೀಲ ಎತ್ತಿಕೊಂಡು, ಐದರ ಬಸ್ಸು ಹತ್ತುತ್ತಿದ್ದೆ. ನಾನು ಹಾಗೆ ಮಾಡಲಿಲ್ಲ. ಇಷ್ಟು ಜನರ ಮುಂದೆ ಮಾವನವರು ನಗುತ್ತಿದ್ದಾರೆಂದರೆ ಒಳಗೆ ಎಷ್ಟು ಸಿಟ್ಟಿರಬೇಕು ಎಂದುಕೊಂಡು, ದಬಕ್ಕನೆ ಎರಡೂ ಕಾಲಿಗೆ ಒಟ್ಟಿಗೇ ಬಿದ್ದೆ.

“ತಪ್ಪಾತ್ರಿ ಮಾವ್ರೆ! ದೇವರಾಣಿ, ಆ ಹಾಡು ನಾ ಹೇಳಿದ್ದಲ್ರಿ! ಆ ಮೇಡಂನೇ ಹಚ್ಚಿದ್ದು! ನೀವು ವರ್ಷಪೂರ್ತಿ ಬಂದು ಇದ್ರೂ ನನಗೇನ್ ಭಾರಿಲ್ರಿ! ಬಸ್ಸು ಹೊಂಟೀತು ಹೋಗು ಅಂತ ನಿಮಗ ಅನ್ನಾಂವ ಅಲ್ರಿ ನಾ!”

ಮಾವನವರು ಪೇಡೆಯ ಡಬ್ಬಿಯ ಮುಚ್ಚಳ ಹಾಕಿದರು.

“ಯಾವ ಹಾಡು?”

“ಅದೇ… ರ‍್ರಿ… ನಿಮ್ಮ ಹೆಸರು ಆದ ಮ್ಯಾಲ ಬಂತಲ್ರಿ…”

“ಹಾಡು ಯಾರ್ ಕೇಳ್ಯಾರ? ಹೆಸರು ಬಂತು, ರೇಡಿಯೋ ಬಂದ್ ಮಾಡಿದ್ವಿ. ಸುಮ್ಮ ಸೆಲ್ ಯಾಕ ಸುಡಬೇಕು?”

ಬೆಂಚಿನ ಮೇಲಿದ್ದವರೆಲ್ಲ ಹೌದೆಂದು ತಲೆಯಾಡಿಸಿದರು. ಎರಡು ರೇಡಿಯೋ, ಮೂರು ಬೆಂಚು, ಇಡೀ ಬಜಾರು. ಒಬ್ಬನೂ, ಒಬ್ಬನೇ ಒಬ್ಬನೂ ಆ ಹಾಡು ಕೇಳಿರಲಿಲ್ಲ!

ನಾನು ನೆಲದಿಂದ ತಲೆಯೆತ್ತಿ ವಿದ್ಯಾವತಿಯ ಕಡೆ ನೋಡಿದೆ. ನಗು ಹೋಗಿತ್ತು. “ಯಾರಿಗೂ ಮಾಲೂಮ್ ಇರ್ಲಿಲ್ಲ. ನೀವೇ ಬಂದು ಬಜಾರಿಗೆಲ್ಲ ಪ್ರಸಾರ ಮಾಡಿದ್ರಿ!” ಎಂದು ಹಣೆ ಬಡಿದುಕೊಂಡಳು.

ಮಾವನವರು ಬೆಂಚಿನ ಮೇಲೆ ಕೂತು ಕಾಲ ಮೇಲೆ ಕಾಲು ಹಾಕಿದರು. “ಹಾಡ್ರಿ ಅಳಿಯಾರೆ, ಕೇಳೂಣು.”

“ಮಾವ್ರೆ…”

“ನನಗಂತನೇ ಹಚ್ಚಿಸಿದ್ದಲ್ರಿ? ನಾ ಕೇಳ್ಲಿಲ್ಲಂದ್ರ ಹ್ಯಾಂಗ? ಹಾಡ್ರಿ!”

ಹಾಡಿದೆ. ಹುಮನಾಬಾದಿನ ಹಳೇ ಬಜಾರಿನಲ್ಲಿ, ಹಾಡುಹಗಲಲ್ಲಿ, ಮಾವನವರ ಪಾದದ ಬಳಿ ಕೂತು, ‘ಉಗಾದಿಗಂತ ಬಂದ್ಯೋ ಮಾವ’ ಎಂದು ರಾಗ ತೆಗೆದೆ. ಮೊದಲ ಸಲ ಯಾರೂ ಉಸಿರೆತ್ತಲಿಲ್ಲ. ಎರಡನೆಯ ಸಲ ‘ಹೋಗೋ ಮಾವ ಹೋಗೋ’ ಬಂದಾಗ ಬೆಂಚಿನ ಮೇಲಿದ್ದ ಒಬ್ಬರು ಡಬ್ಬಿ ಬಡಿದು ತಾಳ ಹಾಕಿದರು. ಮೂರನೆಯ ಸಲಕ್ಕೆ ಬಜಾರೆಲ್ಲ ನನ್ನೊಡನೆ ಹಾಡುತ್ತಿತ್ತು. ಮಾವನವರು ಮಾತ್ರ ಕಣ್ಣು ಮುಚ್ಚಿ, ಒಂದು ಅಕ್ಷರವೂ ಬಿಡದಂತೆ ಕೇಳುತ್ತಿದ್ದರು. ನಾನು ಆ ಎರಡು ಸಾಲಿನಾಚೆ ಗೊತ್ತಿಲ್ಲದೆ ನಿಂತೆ. ಅವರು ಕಣ್ಣು ತೆರೆದರು.

“ಚಲೋ ಅದ. ಕಡೀಕ ಆ ಮಾವ ಹೋದನೋ, ಇಲ್ಲೋ?”

“ಗೊತ್ತಿಲ್ರಿ. ನಾನೂ ಪೂರಾ ಕೇಳ್ಲಿಲ್ರಿ.”

“ಹೌದಾ? ಹಂಗಾರ ನಾವೇ ನೋಡಬೇಕಾತು.” ಮಾವನವರು ಕೊರಳಿನ ಹಾರ ತೆಗೆದು ನನ್ನ ಕೊರಳಿಗೆ ಹಾಕಿ, ಒಳಗೆ ತಿರುಗಿ ಕೂಗಿದರು: “ಶಕುಂತಲಾ, ವಿದ್ಯಾನ ಚೀಲದ ಜೋಡಿ ನಂದೂ ಒಂದು ತುಂಬು. ಮುಂದಿನ ವಾರ ಉಗಾದಿ ಅದ!”